ಕಾದಂಬರಿ ಓದಿ ಕೆಟ್ಟ ಸೀರೆ

ಓದು ಮನುಷ್ಯನನ್ನು ತಿದ್ದುತ್ತದೆ, ಅವನಲ್ಲಿ ವಿವೇಕ ತುಂಬುತ್ತದೆ, ಸಮಾಜವನ್ನು ಮೇಲೆತ್ತುತ್ತದೆ. ಒಂದು ಜೀವಮಾನವನ್ನು ಲೈಬ್ರರಿಯ ಕುರ್ಚಿಯಲ್ಲಿ ಕಳೆದವನಾಗಿ ಈ ಮಾತಿಗೆ ನನ್ನ ಬಳಿ ಪುರಾವೆ ಕೇಳಿದರೆ, ಇಲ್ಲ. ಓದುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರೂ ಕೊಡೆ ಕದಿಯುತ್ತಾರೆ. ಸದ್ದು ಮಾಡದೆ ಕದಿಯುತ್ತಾರೆ, ಅಷ್ಟೇ ವ್ಯತ್ಯಾಸ.

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲೆಂದು ನಾಲ್ಕು ಮಾತು ಬರೆಯಿರಿ ಎಂದು ಇಲಾಖೆಯವರು ಕೇಳಿದ್ದಾರೆ. ನನಗೆ ಬಡ್ತಿ ಯಾವಾಗ ಬಂತು, ಯಾಕೆ ತಡವಾಯಿತು, ಅದಕ್ಕೆ ಯಾರು ಕಾರಣ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದು ನನ್ನ ಹೆಂಡತಿಗೆ ಬಾಯಿಪಾಠವಾಗಿದೆ, ಬೇಕಾದವರು ಅವಳನ್ನೇ ಕೇಳಬಹುದು. ಯಳಂದೂರಿನಲ್ಲಿ ಸೇರಿದೆ, ಹನೂರಿನಲ್ಲಿ ಸವೆದೆ, ಕೊಳ್ಳೇಗಾಲದಲ್ಲಿ ನಿವೃತ್ತನಾದೆ. ಈ ಮೂರು ಊರುಗಳಲ್ಲಿ ನಡೆದದ್ದರಲ್ಲಿ ಹೇಳಲು ಯೋಗ್ಯವಾದ ಪ್ರಕರಣ ಒಂದೇ. ಹದಿಹರೆಯದವರಿಗೆಂದು ಬರೆದ ಕಾದಂಬರಿಯೊಂದರಿಂದ ಒಂದು ರೇಷ್ಮೆ ಸೀರೆ ಕೆಟ್ಟಿತು. ಅದರ ದೆಸೆಯಿಂದ ಚೈತ್ರ ಎಂಬ ಹುಡುಗಿಯ ಲೈಬ್ರರಿ ಕಾರ್ಡು ರದ್ದಾಗುವ ಹಂತಕ್ಕೆ ಬಂತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಸರ್ಕಾರಿ ಅಭ್ಯಾಸ, ಹಿನ್ನೆಲೆ ಇಲ್ಲದೆ ಕಡತ ಬಿಚ್ಚಲು ಕೈ ಬರುವುದಿಲ್ಲ.

ಯಳಂದೂರಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ಎಲ್ಲ ಬೀರುಗಳ ಬೀಗದ ಕೈಗಳನ್ನೂ ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದರು. ಅವರು ಬರುವ ಮೊದಲೇ ಸದ್ದು ಬರುತ್ತಿತ್ತು. ಯಾರಾದರೂ ಪುಸ್ತಕ ಕೇಳಿದರೆ ಗಾಜಿನ ಆಚೆಯ ಪುಸ್ತಕದ ಬೆನ್ನು ತೋರಿಸಿ, "ಅದೇ, ಆ ಕೆಂಪುದು. ನೋಡಿದ್ರಲ್ಲ?" ಎನ್ನುತ್ತಿದ್ದರು. ಕೇಳಿದವರು ನೋಡಿದೆವೆಂದು ಒಪ್ಪಿಕೊಂಡು ಹೋಗುತ್ತಿದ್ದರು. "ಪುಸ್ತಕ ಕಳೀದೆ ಇರ್ಬೇಕು ಅಂದ್ರೆ ಒಂದೇ ಉಪಾಯ ಕಣಯ್ಯ, ಕೊಡದೆ ಇರೋದು" ಎಂದು ನನಗೆ ಉಪದೇಶಿಸಿದರು. ಅವರ ಕಾಲದಲ್ಲಿ ಒಂದೇ ಒಂದು ಪುಸ್ತಕ ಕಳೆಯಲಿಲ್ಲ. ಗೆದ್ದಲು ತಿಂದದ್ದನ್ನು ಕಳೆದದ್ದೆಂದು ಲೆಕ್ಕ ಹಾಕುವಂತಿಲ್ಲ, ಅದು ಆವರಣದೊಳಗೇ ಇದೆಯಲ್ಲ.

ಹನೂರಿಗೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಬೀರುಗಳ ಬಾಗಿಲು ತೆಗೆದಿರಬೇಕು ಎಂಬ ಆದೇಶ ಬಂತು. ಕಟ್ಟು ಕಟ್ಟಾಗಿ ಹೊಸ ಪುಸ್ತಕಗಳೂ ಬಂದವು. ಅವುಗಳನ್ನು ವಿಂಗಡಿಸಲು ಶಾಸ್ತ್ರೋಕ್ತ ಪದ್ಧತಿ ಇದೆ. ನಾವು ಮುಖಪುಟದ ಚಿತ್ರ ನೋಡಿ ವಿಂಗಡಿಸುತ್ತಿದ್ದೆವು. ಚಿರತೆಯ ಚಿತ್ರವಿದ್ದ ಒಂದನ್ನು ನಾನು ವನ್ಯಜೀವಿಗಳ ಸಾಲಿನಲ್ಲಿಟ್ಟೆ. ಹೂಗ್ಯಂ ಕಡೆಯ ಕಾಡಿನ ವಾಚರ್ ಮಾದಯ್ಯ ಅದನ್ನು ಒಯ್ದು, ವಾರ ಬಿಟ್ಟು ಬಂದು ನನ್ನ ಮೇಜಿನ ಮುಂದೆ ನಿಂತ.

"ಸಾ, ಈ ಚಿರತೆ ಎಲ್ಲೂ ಬರ್ನಿಲ್ಲ ಕಣ್ಸಾ."

"ಮೇಲೆ ಚಿತ್ರ ಇದೆಯಲ್ಲಪ್ಪ."

"ಮೇಲ್ಗಡೆ ಮಾತ್ರ ಅದೆ. ಒಳಗೆ ಒಂದು ಎಣ್ಣುಡ್ಗಿ ಅವಳೆ, ಹತ್ತನೇ ಕ್ಲಾಸು. ಅವಳ ಮನಸ್ನಾಗೆ ಚಿರತೆ ಅದಂತೆ. ಮನಸ್ನಾಗಿರೋ ಚಿರತೆಗೆ ಬೋನು ಎಲ್ಲಿಡಾನ ಸಾ?"

"ಹಾಗಾದರೆ ವಾಪಸು ಕೊಡು."

ಮಾದಯ್ಯ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡ. "ತಡೀರಿ ಸಾ. ಅವ್ಳು ಅವರವ್ವಂಗೆ ನಿಜ ಏಳುದ್ಲೋ ಇಲ್ವೋ ಇನ್ನೂ ಗೊತ್ತಾಗ್ನಿಲ್ಲ. ಇನ್ನೊಂದು ವಾರ ಇರ್ಲಿ."

ಹದಿಹರೆಯದವರ ಕಾದಂಬರಿ ಎಂಬ ಜಾತಿಯೊಂದು ಇದೆಯೆಂದು ನನಗೆ ತಿಳಿದದ್ದು ಹೀಗೆ. ತಿಳಿದರೂ ನಾನು ಓದಲಿಲ್ಲ. ಅಡುಗೆಯವನು ಊಟ ಮಾಡಿಯೇ ಬಡಿಸಬೇಕೆಂಬ ನಿಯಮ ಎಲ್ಲೂ ಇಲ್ಲ.

ಆ ನಿಯಮ ಮಾಡಿದವರು ಕೊಳ್ಳೇಗಾಲಕ್ಕೆ ತಪಾಸಣೆಗೆ ಬಂದ ಮೇಡಂ. ನನ್ನ ಮೇಲಧಿಕಾರಿ, ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರು, ನಗುವುದನ್ನು ಕಚೇರಿ ವೇಳೆಯ ನಂತರಕ್ಕೆ ಇಟ್ಟುಕೊಂಡವರು. ಒಂದು ಪುಸ್ತಕ ಎತ್ತಿ, "ಇದರಲ್ಲಿ ಏನಿದೆ?" ಎಂದು ಕೇಳಿದರು.

"ನೂರಾ ಇಪ್ಪತ್ತು ಪುಟ ಇದೆ ಮೇಡಂ."

ಅವರು ಪುಸ್ತಕವನ್ನು ಕೆಳಗಿಟ್ಟರು. ಆಮೇಲೆ ಅಲ್ಲೇ ನಿಂತು ಆದೇಶ ಮಾಡಿದರು: ಹರೆಯದವರಿಗೆ ಪ್ರತ್ಯೇಕ ಕಪಾಟು ಮಾಡಬೇಕು, ಅದರಲ್ಲಿರುವ ಪ್ರತಿಯೊಂದನ್ನೂ ನಾನು ಓದಿರಬೇಕು, ಯಾರು ಬಂದು ಯಾವುದರ ಬಗ್ಗೆ ಕೇಳಿದರೂ ಉತ್ತರ ಹೇಳಬೇಕು. ಹೀಗೆ ಎರಡನೇ ಮೊಮ್ಮಗಳ ನಾಮಕರಣ ಮುಗಿಸಿದ ಮೇಲೆ ನಾನು ಮೇಲಧಿಕಾರಿಗಳ ಆದೇಶದ ಮೇರೆಗೆ ಹದಿಹರೆಯಕ್ಕೆ ಕಾಲಿಟ್ಟೆ.

ನಮ್ಮ ಕಾಲದಲ್ಲಿ ಅಂಥ ಒಂದು ವಯಸ್ಸೇ ಇರಲಿಲ್ಲ. ಚಡ್ಡಿ ಇತ್ತು, ಆಮೇಲೆ ಪಂಚೆ ಬಂತು. ನಡುವೆ ಏನಾದರೂ ಇದ್ದರೆ ಅದು ಎಸ್ಸೆಸ್ಸೆಲ್ಸಿ ಫೇಲು. ಹಾಗಾಗಿ ಅಪರಿಚಿತ ದೇಶಕ್ಕೆ ಹೋದವನ ಶ್ರದ್ಧೆಯಿಂದ ಓದಿದೆ. ಆ ದೇಶದ ರೀತಿನೀತಿಗಳು ಹೀಗಿವೆ. ಮೊದಲ ಅಧ್ಯಾಯದಲ್ಲಿ ತರಗತಿಗೆ ಹೊಸಬರೊಬ್ಬರು ಬರುತ್ತಾರೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರು ತೀರಿಕೊಂಡಿರುತ್ತಾರೆ, ಉಳಿದವರಿಗೆ ತಲೆನೋವು. ಯಾರೂ ಪಾತ್ರೆ ತೊಳೆಯುವುದಿಲ್ಲ, ಯಾರೂ ರೇಷನ್ ತರಲು ಸಾಲಿನಲ್ಲಿ ನಿಲ್ಲುವುದಿಲ್ಲ; ಎಲ್ಲರೂ ತಾರಸಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿಗೆ ಅಜ್ಜಿ ಬಂದು ಬದುಕಿನ ಬಗ್ಗೆ ಒಂದು ಮಾತು ಹೇಳಿ ಹೋಗುತ್ತಾಳೆ. ಇದನ್ನು ನಮ್ಮ ಮನೆಯಲ್ಲಿ ಪರೀಕ್ಷಿಸಿ ನೋಡಿದೆ. ಹಿರಿಯ ಮೊಮ್ಮಗಳು ಮಂಕಾಗಿ ಕೂತಿದ್ದಾಗ ನನ್ನ ಹೆಂಡತಿ ಸರೋಜ ಅವಳ ಬಳಿಗೆ ಹೋದಳು. ನಾನು ಕಿವಿಗೊಟ್ಟೆ. "ಚಾರ್ಜರ್ ಆಫ್ ಮಾಡು, ಸುಟ್ಟೋಗುತ್ತೆ" ಎಂದಳು, ವಾಪಸು ಬಂದಳು.

"ಏನ್ರೀ, ಈ ವಯಸ್ಸಲ್ಲಿ ಇದೇನು ಓದು?" ಎಂದು ನನ್ನನ್ನೂ ಕೇಳಿದಳು.

"ಆದೇಶ."

"ಬೀನ್ಸ್ ತನ್ನಿ ಅಂತ ನಾನು ಮಾಡೋ ಆದೇಶಕ್ಕೆ ಇಷ್ಟು ನಿಷ್ಠೆ ಕಾಣೆ."

ಹೀಗೆಲ್ಲ ನಗುತ್ತಲೇ ಇದ್ದವನಿಗೆ ಒಮ್ಮೆ ರಾಮಾಪುರದಿಂದ ಬರುವ ಬಸ್ಸಿನಲ್ಲಿ ಮುಖಭಂಗವಾಯಿತು. ನೆಂಟರ ಮನೆಯ ಗೃಹಪ್ರವೇಶ ಮುಗಿಸಿ, ಹೋಳಿಗೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಕಥೆಯಲ್ಲಿ ಒಬ್ಬ ಹುಡುಗ, ಶಾಲೆಯ ಪ್ರಾರ್ಥನೆಗೆ ಯಾವಾಗಲೂ ಮುಂದೆ ನಿಂತು ಹಾಡುವವನು. ಒಂದು ದಿನ ಅವನ ಗಂಟಲು ಒಡೆಯುತ್ತದೆ. ಮೇಷ್ಟ್ರು ಬೇರೆಯವನನ್ನು ಮುಂದೆ ನಿಲ್ಲಿಸುತ್ತಾರೆ. ಈ ಹುಡುಗ ಹಿಂದಿನ ಸಾಲಿನಲ್ಲಿ ನಿಂತು, ದನಿ ತೆಗೆಯದೆ, ತುಟಿ ಮಾತ್ರ ಆಡಿಸುತ್ತಾನೆ. ಅಷ್ಟೇ. ಯಾರೂ ಸಾಯಲಿಲ್ಲ, ಮಳೆ ಬರಲಿಲ್ಲ. ನನಗೆ ಕಣ್ಣು ತುಂಬಿ ಅಕ್ಷರ ಕಾಣದಾಯಿತು.

ಕಂಡಕ್ಟರು ಬಾಗಿ ನೋಡಿದ. "ಯಾಕ್ಸಾ, ಸಾವಾ?"

"ಇಲ್ಲಪ್ಪ. ಹುಡುಗನ ಗಂಟಲು ಒಡೆದು ಹೋಯ್ತು."

"ಮೈಸೂರಿಗೆ ತೋರ್ಸಿ ಸಾ. ಈಗೆಲ್ಲ ವಾಸಿ ಮಾಡ್ತಾರೆ."

ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ನಾನು ಕುಡಿದು, ಇಡೀ ಬಸ್ಸಿನ ಸಾಂತ್ವನವನ್ನು ಸ್ವೀಕರಿಸಿ, ಹನೂರು ದಾಟುವ ತನಕ ತಲೆ ಎತ್ತಲಿಲ್ಲ. ಕಿರಿಯರಿಗೆ ಸಲಹೆ: ಇಂಥ ಪುಸ್ತಕಗಳನ್ನು ಕಚೇರಿಯಲ್ಲೇ ಓದಿ. ಅಲ್ಲಿ ಸಿಬ್ಬಂದಿ ಅತ್ತರೆ ಯಾರೂ ಕಾರಣ ಕೇಳುವುದಿಲ್ಲ.

ಇನ್ನು ಚೈತ್ರ.

ಆ ಕಪಾಟು ಮಾಡಿದ ಮೇಲೆ ಅದರತ್ತ ಬಂದವರು ಕಡಿಮೆ. ನಮ್ಮಲ್ಲಿಗೆ ಬರುವ ಹರೆಯದವರಲ್ಲಿ ಅರ್ಧ ಜನ ಪರೀಕ್ಷೆಯ ಗೈಡಿಗೆ ಬರುತ್ತಾರೆ, ಉಳಿದರ್ಧ ಫೋನು ಚಾರ್ಜಿಗೆ ಹಾಕಲು. ಚೈತ್ರ ಮಾತ್ರ ಸಲಕ್ಕೆ ಎರಡು ಕಾದಂಬರಿ ಒಯ್ಯುತ್ತಿದ್ದಳು. ಫಸ್ಟ್ ಪಿಯುಸಿ, ನೇಕಾರರ ಬೀದಿಯ ಗೋವಿಂದಣ್ಣನ ಮಗಳು. ತಂದೆ ತಾಯಿ ಇಬ್ಬರೂ ಗಟ್ಟಿಮುಟ್ಟಾಗಿದ್ದರು, ಆ ಮಟ್ಟಿಗೆ ಕಾದಂಬರಿಗೆ ಅನರ್ಹಳು. ಪುಸ್ತಕ ಹಿಂದಿರುಗಿಸುವಾಗ ನಾನು, ಆದೇಶವಿದೆಯಲ್ಲ, "ಹೇಗಿತ್ತಮ್ಮ?" ಎಂದು ಕೇಳುತ್ತಿದ್ದೆ. ಅವಳು, "ಪರ್ವಾಗಿಲ್ಲ ಸಾ. ಮಧ್ಯದಲ್ಲಿ ಎಳೀತಾರೆ" ಎನ್ನುತ್ತಿದ್ದಳು. ವಿಮರ್ಶಕರು ನಾಲ್ಕು ಪುಟದಲ್ಲಿ ಹೇಳುವುದೂ ಅದನ್ನೇ.

ಅವಳು ಓದುತ್ತಿದ್ದದ್ದು ಒಬ್ಬಳೇ ಅಲ್ಲ, ಮಗ್ಗದ ಮುಂದೆ ಕೂತು ಗಟ್ಟಿಯಾಗಿ. ಮಗ್ಗದವನ ಕೈಗೆ ಕೆಲಸವಿದೆ, ಕಾಲಿಗೆ ಇದೆ, ಕಣ್ಣಿಗೆ ಇದೆ. ಖಾಲಿ ಇರುವುದು ಕಿವಿ ಮಾತ್ರ. ಹಿಂದೆ ರೇಡಿಯೋ ಇತ್ತು. ಟೀವಿ ಹಾಕಿದರೆ ಕಣ್ಣು ಅತ್ತ ಹೋಗುತ್ತದೆ. ಹಾಗಾಗಿ ಗೋವಿಂದಣ್ಣ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವಾಗ, ಅವನ ತಾಯಿ ಪುಟ್ಟಮ್ಮಜ್ಜಿ ಪಕ್ಕದಲ್ಲಿ ರಾಟೆ ತಿರುಗಿಸುವಾಗ, ಚೈತ್ರ ಕಾಲೇಜಿನಿಂದ ಬಂದು ಕಾದಂಬರಿ ಓದುವುದು ಆ ಮನೆಯ ಪದ್ಧತಿಯಾಗಿತ್ತು. ಲಾಳಿಯ ಸದ್ದಿಗಿಂತ ಮೇಲೆ ದನಿ ಎತ್ತಬೇಕು. ಅದರಿಂದಲೋ ಏನೋ, ನಮ್ಮ ಮೌನವಾಗಿರಬೇಕಾದ ಓದುವ ಕೋಣೆಯಲ್ಲೂ ಅವಳು ಆಚೆ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದಳು.

ಒಂದು ಬೆಳಿಗ್ಗೆ ನಂಜುಂಡಪ್ಪನವರು ಬಂದರು. ಆ ಬೀದಿಯ ಹಲವು ಮನೆಗಳಿಗೆ ರೇಷ್ಮೆ, ಜರಿ ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರು. ದಿನಪತ್ರಿಕೆ ಓದುತ್ತಿದ್ದ ಹಿರಿಯರ ಮೇಲೆಯೇ ಒಂದು ಹಸಿರು ಸೀರೆಯನ್ನು ಹಾಸಿದರು.

"ಸ್ವಾಮಿ, ನಿಮ್ ಲೈಬ್ರರಿ ಪುಸ್ತಕ ಇಲ್ಲಿ ಓದ್ಕಳಿ."

ನನಗೆ ಅರ್ಥವಾಗಲಿಲ್ಲ. ಅವರು ಸೀರೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಆಗ ಕಂಡಿತು. ನೇಯ್ಗೆಯಲ್ಲಿ ಅಡ್ಡಡ್ಡ ಪಟ್ಟೆಗಳು, ಒಂದು ಕಡೆ ದಟ್ಟ, ಒಂದು ಕಡೆ ತೆಳು. ಎಳೆ ಹಾಯಿಸಿದ ಮೇಲೆ ಹಲಗೆ ಎಳೆದು ಒಂದೇ ಸಮ ಬಡಿಯಬೇಕು. ಜೋರಾಗಿ ಬಡಿದರೆ ಬಿಗಿ, ಮೆಲ್ಲಗೆ ಬಡಿದರೆ ಸಡಿಲ.

"ಇಲ್ಲಿ ಬಿಗಿ. ಯಾರೋ ಯಾರಿಗೋ ಬಯ್ದವ್ರೆ. ಇಲ್ಲಿ ಸಡಿಲ, ಏನೋ ದುಃಖ. ಇಲ್ಲಿ ನೋಡಿ, ಸೆರಗಲ್ಲಿ, ಈ ಗೆರೆ. ಇಲ್ಲಿ ಮಗ್ಗ ನಿಲ್ಸಿ ಮೂಗು ಒರೆಸ್ಕಂಡವ್ನೆ ಗೋವಿಂದ. ಕೇಳುದ್ರೆ, ಮಗಳು ಕತೆ ಓದ್ತಿದ್ಲು ಸಾವ್ಕಾರ್ರೇ, ತಡ್ಕಳಕ್ಕಾಗ್ನಿಲ್ಲ ಅಂತಾನೆ. ಈ ಸೀರೆ ನಾನು ಯಾರಿಗೆ ಮಾರ್ಲಿ? ಕತೆ ಗೊತ್ತಿರೋರ್ಗಾ?"

ಅವರ ಬೇಡಿಕೆ ಎರಡು. ಆ ಕಾದಂಬರಿಯನ್ನು ಕಪಾಟಿನಿಂದ ತೆಗೆಯಬೇಕು, ಚೈತ್ರಳ ಕಾರ್ಡು ರದ್ದು ಮಾಡಬೇಕು. ಇಲ್ಲದಿದ್ದರೆ ಆ ಮನೆಗೆ ರೇಷ್ಮೆ ಕೊಡುವುದಿಲ್ಲ. ಮೇಡಮ್ಮಿಗೂ ದೂರು ಕೊಟ್ಟಾಗಿತ್ತು.

ಸಂಜೆ ಚೈತ್ರ ಬಂದಳು. ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು.

"ಸಾ, ಕಾರ್ಡು ಕಿತ್ಕಂಡ್ಬುಡ್ತಾರಾ?"

"ವಿಚಾರಣೆ ಇದೆಯಮ್ಮ. ಮೇಡಂ ಬರ್ತಾರೆ."

"ಅಪ್ಪ ಓದ್ಬೇಡ ಅನ್ನಲ್ಲ ಸಾ. ಆದ್ರೆ ರೇಷ್ಮೆ ಬರ್ದಿದ್ರೆ ಅಪ್ಪ ಏನು ಮಾಡಾದು? ನಾನೇ ಓದಾದು ಬುಡ್ಬೇಕಾಯ್ತದೆ." ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಈಗಲೇ ಕಿತ್ತುಕೊಳ್ಳುವೆನೇನೋ ಎಂಬಂತೆ ಸ್ವಲ್ಪ ದೂರದಲ್ಲೇ ನಿಂತಿದ್ದಳು.

ಯಾವ ಕಾದಂಬರಿ ಎಂದು ಕೇಳಿದೆ. ತೋರಿಸಿದಳು. ಹೆಸರು ಬರೆದರೆ ಬರೆದವರು ನೊಂದುಕೊಂಡಾರು, ಬೇಡ. ಅದನ್ನು ನೋಡಿ ನನಗೆ ಗಾಬರಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಅನು ಎಂಬ ಹುಡುಗಿ ಹಾಸ್ಟೆಲ್ಲಿನ ಕಿಟಕಿಯ ಬಳಿ ಮೂರು ಅಧ್ಯಾಯ ಕೂತಿರುತ್ತಾಳೆ. ಆಚೆ ಒಂದು ಗುಲ್‌ಮೊಹರ್ ಮರವಿದೆ. ಅನು ಮರ ನೋಡುತ್ತಾಳೆ. ಮರ ಏನೂ ಮಾಡುವುದಿಲ್ಲ. ಕರ್ತವ್ಯನಿಷ್ಠೆಯಿಂದ ಆ ಭಾಗವನ್ನು ನಾನು ಎರಡು ಸಲ ಓದಿದ್ದೆ, ಮೊದಲ ಸಲ ನಿದ್ದೆ ಹೋಗಿದ್ದರಿಂದ. ಅದನ್ನು ಕೇಳಿ ಒಬ್ಬ ಮನುಷ್ಯ ಮಗ್ಗ ನಿಲ್ಲಿಸಿ ಅತ್ತನೆಂದರೆ, ಗೋವಿಂದಣ್ಣ ಬಹಳ ಮೃದು ಸ್ವಭಾವದವನಿರಬೇಕು ಎಂದುಕೊಂಡೆ.

ವಿಚಾರಣೆಯ ದಿನ ಓದುವ ಕೋಣೆಯೇ ನ್ಯಾಯಾಲಯ. ಮೇಡಂ ಮಧ್ಯದ ಕುರ್ಚಿಯಲ್ಲಿ, ಸಾಹುಕಾರರು ಸೀರೆಯ ಸಮೇತ ಎಡಕ್ಕೆ, ಗೋವಿಂದಣ್ಣ ಮತ್ತು ಪುಟ್ಟಮ್ಮಜ್ಜಿ ಬಲಕ್ಕೆ, ನಡುವೆ ಚೈತ್ರ. ಪತ್ರಿಕೆ ಓದುವ ಹಿರಿಯರನ್ನು ಹೊರಗೆ ಕಳಿಸಲು ನೋಡಿದೆ. ತಾವು ಸಾರ್ವಜನಿಕರೆಂದೂ, ಗ್ರಂಥಾಲಯ ತಮ್ಮದೆಂದೂ ಅವರು ನನಗೆ ತಿಳಿಸಿಕೊಟ್ಟರು.

ಮೇಡಂ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪುಸ್ತಕವನ್ನು ಚೈತ್ರಳ ಕೈಗೆ ಕೊಟ್ಟರು. "ಈ ಸೆರಗಿನ ಗೆರೆ ಬಿದ್ದಾಗ ಯಾವ ಭಾಗ ಓದ್ತಿದ್ದೆಯೋ ಅದನ್ನ ಓದಮ್ಮ."

ಚೈತ್ರ ಪುಟ ತಿರುಗಿಸಿದಳು. ನನ್ನತ್ತ ಒಮ್ಮೆ ನೋಡಿದಳು. ಯಾಕೆ ನೋಡಿದಳೆಂದು ಆಗ ತಿಳಿಯಲಿಲ್ಲ. ಓದಲು ಶುರು ಮಾಡಿದಳು.

ಅನುವಿನ ತಂದೆ ಹಾಸ್ಟೆಲ್ಲಿನ ಗೇಟಿನ ಬಳಿ ಬಂದು ನಿಂತಿದ್ದಾನೆ. ಕೈಯಲ್ಲಿ ಟಿಫಿನ್ ಕ್ಯಾರಿಯರು. ಒಳಗೆ ಬಿಡುವ ಹೊತ್ತಲ್ಲ, ಕಾವಲಿನವನು ತಡೆದಿದ್ದಾನೆ. ಸುಮ್ಮನೆ ನಿಂತಾಗಲೂ ತಂದೆಯ ಬಲಗೈ ಲಾಳಿಯ ಹಗ್ಗ ಎಳೆಯುವಂತೆ ಅಲ್ಲಾಡುತ್ತಿದೆ.

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಪುಸ್ತಕದಲ್ಲಿ ಅನುವಿನ ತಂದೆ ಬ್ಯಾಂಕ್ ಮ್ಯಾನೇಜರು. ಸಕ್ಕರೆ ಕಾಯಿಲೆ ಬಿಟ್ಟರೆ ಅವರಿಗೆ ಯಾವ ಕಷ್ಟವೂ ಇಲ್ಲ.

ಚೈತ್ರ ಓದುತ್ತಲೇ ಇದ್ದಳು, ಕಣ್ಣು ಪುಟದ ಮೇಲೆ, ಬೆರಳು ಸಾಲಿನ ಕೆಳಗೆ. ಮೇಲಿನ ಕಿಟಕಿಯಲ್ಲಿ ಅನು, ಅವಳ ಪಕ್ಕದಲ್ಲಿ ಗೆಳತಿಯರು. "ಯಾರೇ ಅದು, ಗೇಟ್ ಹತ್ರ?" ಎಂದು ಒಬ್ಬಳು ಕೇಳುತ್ತಾಳೆ. ಅನು ನೋಡುತ್ತಾಳೆ. ಅಪ್ಪ ಇನ್ನೂ ತಲೆ ಎತ್ತಿಲ್ಲ. "ಯಾರೋ ಗೊತ್ತಿಲ್ಲ" ಎನ್ನುತ್ತಾಳೆ. ಆಗ ಅಪ್ಪ ತಲೆ ಎತ್ತುತ್ತಾನೆ. ಮಗಳನ್ನು ಕಾಣುತ್ತಾನೆ. ಅವಳ ಪಕ್ಕದವರನ್ನೂ ಕಾಣುತ್ತಾನೆ. ಕೈ ಎತ್ತಲು ಹೋದವನು ಎತ್ತುವುದಿಲ್ಲ. ಕ್ಯಾರಿಯರಿನ ತಳವನ್ನು ಪಂಚೆಯಿಂದ ಒರೆಸಿ, ಕಾವಲಿನವನ ಸ್ಟೂಲಿನ ಮೇಲಿಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾನೆ. ಅನು ಮೆಟ್ಟಿಲಿಳಿದು ಓಡುತ್ತಾಳೆ, ಕಾಲಲ್ಲಿ ಚಪ್ಪಲಿಯಿಲ್ಲ. ಬಸ್ಸು ಹೊರಟಿದೆ.

ಅಲ್ಲಿಗೆ ನಿಲ್ಲಿಸಿದಳು.

ಗೋವಿಂದಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. ಸಾರ್ವಜನಿಕರಲ್ಲೊಬ್ಬರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು, ತಲೆಕೆಳಗಾಗಿ. ಸಾಹುಕಾರರು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

"ಮುಂದೆ?" ಎಂದರು ಮೇಡಂ.

"ಅಷ್ಟೇ ಮೇಡಂ. ಅಲ್ಲಿಗೆ ಸೀರೆ ಕೆಟ್ಟಿದ್ದು."

"ಕೊಡಿಲ್ಲಿ." ಮೇಡಂ ಪುಸ್ತಕ ತೆಗೆದುಕೊಂಡು ಮುಂದಿನ ಪುಟ ನೋಡಿದರು. ಹಿಂದಿನದನ್ನು ನೋಡಿದರು. ಇನ್ನೂ ಹಿಂದಕ್ಕೆ ಹೋದರು. ಅವರ ಮುಖದ ಮೇಲೆ ಗುಲ್‌ಮೊಹರ್ ಮರದ ನೆರಳು ಬಿದ್ದದ್ದು ನನಗೆ ಸ್ಪಷ್ಟವಾಗಿ ಕಂಡಿತು.

"ನೀವು ಇದನ್ನ ಓದಿದ್ದೀರಲ್ಲ?" ಎಂದು ನನ್ನನ್ನು ಕೇಳಿದರು.

"ಓದಿದ್ದೀನಿ ಮೇಡಂ. ಎರಡು ಸಲ."

"ಈ ಹುಡುಗಿ ಈಗ ಓದಿದ್ದು ಇದರಲ್ಲಿ ಇದೆಯಾ?"

ಸೇವಾವಧಿಯಲ್ಲಿ ನನಗೆ ಒಂದು ಪುಸ್ತಕದ ಬಗ್ಗೆ ಉತ್ತರ ಗೊತ್ತಿದ್ದ ಸಂದರ್ಭ ಇದೊಂದೇ. ಅದೂ ಹೇಳಲು ಇಷ್ಟವಿಲ್ಲದ ಉತ್ತರ. ಚೈತ್ರ ನೆಲ ನೋಡುತ್ತಿದ್ದಳು.

"ಇಲ್ಲ ಮೇಡಂ. ಆದರೆ ಇರಬೇಕಿತ್ತು."

ಕೋಣೆಯಲ್ಲಿ ಗುಸುಗುಸು ಎದ್ದಿತು. ಮೇಡಂ ಚೈತ್ರಳತ್ತ ತಿರುಗಿದರು. ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಅದ್ರಲ್ಲಿ ಅವ್ಳು ಬರೀ ಮರ ನೋಡ್ಕಂಡು ಕುಂತಿರ್ತಾಳೆ ಮೇಡಂ. ಅಂಗೇ ಓದ್ತಿದ್ರೆ ಅಪ್ಪಂಗೆ ಮಗ್ಗದ ಮೇಲೇ ತೂಕಡ್ಕೆ. ಒಂದಿನ ಎಳೆ ಬುಟ್ಬುಟ್ರು. ಅದುಕ್ಕೆ ಅವ್ರು ಎಲ್ಲೆಲ್ಲಿ ಸುಮ್ನೆ ಕುಂತಿರ್ತಾರೋ ಅಲ್ಲೆಲ್ಲ ನಾನೇ ಏನಾರ ಸೇರ್ಸ್ತಿದ್ದೆ. ಎಚ್ರ ಇರ್ಲಿ ಅಂತ."

"ಎಲ್ಲಾ ಪುಸ್ತಕಕ್ಕೂನಾ?"

"ಮಧ್ಯದಲ್ಲಿ ಎಳೆಯೋವಕ್ಕೆ ಮಾತ್ರ."

ಎಲ್ಲಕ್ಕೂ ಎಂದೇ ಅರ್ಥ.

ಗೋವಿಂದಣ್ಣನಿಗೆ ಇದು ಇನ್ನೂ ಇಳಿದಿರಲಿಲ್ಲ. "ಅಂಗಾರೆ ಅದು ಪುಸ್ತಕದಾಗಿಲ್ವಾ?" ಎಂದ. ಆಮೇಲೆ ಮಗಳೊಬ್ಬಳಿಗೇ ಕೇಳುವಂತೆ, "ನೀನು ಯಾವಾಗವ್ವ ನನ್ನ ಯಾರೋ ಅಂದಿದ್ದು?" ಎಂದ.

"ಅಂದಿಲ್ಲ ಕಣಪ್ಪ." ಚೈತ್ರಳ ದನಿ ಮತ್ತೆ ಬೀದಿಗೆ ಕೇಳುವಷ್ಟಾಯಿತು. "ಅಂದ್ಬುಟ್ರೆ ಎಂಗಿರ್ತದೆ ಅಂತ ನೋಡ್ದೆ."

"ಅಂದಿದ್ರೆ ಕಾಲು ಮುರೀತಿದ್ದೆ, ಬುಡು" ಎಂದಳು ಪುಟ್ಟಮ್ಮಜ್ಜಿ, ಮೂಗನ್ನು ಸೆರಗಿಗೆ ಒತ್ತಿಕೊಳ್ಳುತ್ತ. ಕಾದಂಬರಿಗಳ ಅಜ್ಜಿಯರು ಹೇಳದ ಮಾತು. ಆದರೆ ಗೋವಿಂದಣ್ಣ ನಕ್ಕುಬಿಟ್ಟ.

ನಂಜುಂಡಪ್ಪನವರು ಎದ್ದು ನಿಂತರು. "ನಗಾಕೇನೈತೆ? ನನ್ ಸೀರೆ ಕೆಡ್ಸಿದ್ದು ಪುಸ್ತಕ ಅಲ್ಲ, ಈ ಚೋಟುದ್ದ ಹುಡುಗಿ ಅಂದಂಗಾಯ್ತು. ಮೇಡಂ, ಮೊದ್ಲು ಕಾರ್ಡು ಕಿತ್ಕಳಿ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಅವರು ಕೊಟ್ಟ ತೀರ್ಪನ್ನು ನಾನು ಈಗಲೂ ಆಡಳಿತದ ಮೇರುಕೃತಿ ಎಂದು ಭಾವಿಸುತ್ತೇನೆ. ದೂರು ಬಂದಿರುವುದು ಪುಸ್ತಕದ ಮೇಲೆ. ಪುಸ್ತಕವನ್ನು ಪರಿಶೀಲಿಸಲಾಗಿದೆ, ಅದರಿಂದ ಯಾರೂ ಉದ್ರೇಕಗೊಳ್ಳುವ ಸಂಭವ ಇಲ್ಲ. ಸದಸ್ಯರು ಪುಸ್ತಕ ಹರಿಯಬಾರದು, ಗೀಚಬಾರದು, ನೆನೆಸಬಾರದು ಎಂದು ನಿಯಮವಿದೆ. ಪುಸ್ತಕ ತೆರೆದಿಟ್ಟುಕೊಂಡು ಬಾಯಿಗೆ ಬಂದದ್ದನ್ನು ಹೇಳಬಾರದು ಎಂದು ನಿಯಮವಿಲ್ಲ. ಆದ್ದರಿಂದ ಕಾರ್ಡು ರದ್ದು ಮಾಡಲು ಅವಕಾಶವಿಲ್ಲ.

"ಕಾರ್ಡು ನೀವೇ ಮಡಿಕಳಿ" ಎಂದರು ಸಾಹುಕಾರರು. "ರೇಷ್ಮೆ ನಂದು. ಆ ಮನೇಲಿ ಇನ್ನು ಕತೆ ಓದಂಗಿಲ್ಲ, ಓದುದ್ರೆ ಒಂದೆಳೆ ಕೊಡಲ್ಲ."

ಚೈತ್ರ ಕಾರ್ಡನ್ನು ನನ್ನ ಮೇಜಿನ ಮೇಲೆ ತಂದಿಟ್ಟಳು. ಯಾರೂ ಕೇಳದೆಯೇ. ಆ ಮಗುವಿನ ಮುಖ ನೋಡಲಾಗದೆ ನಾನು ಮೇಡಮ್ಮಿನ ಮುಖ ನೋಡಿದೆ. ಅವರು ಸೀರೆ ನೋಡುತ್ತಿದ್ದರು. ನಿಯಮ ಮುಗಿದ ಕಡೆ ಅಧಿಕಾರಿಗಳಿಗೆ ಕೆಲಸವಿಲ್ಲ.

ಕೆಲಸ ಪುಟ್ಟಮ್ಮಜ್ಜಿ ವಹಿಸಿಕೊಂಡಳು. "ನಂಜುಂಡಪ್ನೋರೇ, ಮುಂಚೆ ಇವ್ನು ತೂಕಡ್ಸ್‌ಕಂಡು ನೇಯ್ವಾಗ ಒಂದು ಸೀರೆ ಎಷ್ಟು ದಿನ್ಕೆ ಮುಗೀತಿತ್ತು? ಈಗ ಎಷ್ಟು ದಿನ್ಕೆ ಮುಗೀತದೆ? ಏಳಿ."

ಸಾಹುಕಾರರು ಬೆರಳು ಮಡಿಸಿ ಎಣಿಸಲು ಹೋಗಿ ನಡುವೆ ನಿಲ್ಲಿಸಿದರು. ನಿಲ್ಲಿಸಿದ್ದರಿಂದ ಎಲ್ಲರಿಗೂ ಗೊತ್ತಾಯಿತು.

"ಬೇಗ ಮುಗ್ಯಾದು ಬೇಕು, ಕತೆ ಬ್ಯಾಡ ಅಂದ್ರೆ ಎಂಗೆ? ಅವಳು ಓದ್ದಿದ್ರೆ ನಾನು ಕತೆ ಏಳ್ಬೇಕಾಯ್ತದೆ. ನನ್ ಕತೆ ನಿಮ್ಗೇ ಗೊತ್ತಲ್ಲ, ಬರೀ ಜಗಳ. ಸೀರೆ ಪೂರಾ ಬಿಗಿಯಾಯ್ತದೆ."

ಸಾಹುಕಾರರು ಕೂತರು. ಸೀರೆಯನ್ನು ಮತ್ತೆ ಬಿಡಿಸಿ, ಒಂದು ತುದಿಯಿಂದ ಅಳೆಯುತ್ತ ಬಂದರು. ವ್ಯಾಪಾರಸ್ಥರ ಮುಖದಲ್ಲಿ ಕೋಪ ಇಳಿದು ಲೆಕ್ಕ ಏರುವುದನ್ನು ನೋಡಬೇಕೆಂದರೆ ಆ ಹೊತ್ತು ಅಲ್ಲಿರಬೇಕಿತ್ತು.

"ಈ ಕಡೆಯಿಂದ ಇಲ್ಲೀಗಂಟ," ಎಂದು ಕೈಯಿಟ್ಟು ತೋರಿಸಿದರು, "ಸೊಂಟಕ್ಕೆ ಸಿಗ್ಸೋ ಭಾಗ, ನೆರಿಗೆ ಒಳಗೋಗೋ ಭಾಗ. ಇಲ್ಲಿ ಏನಾರ ಏಳ್ಕಳ್ಳಿ, ಅಳ್ಸಿ, ಬಯ್ಸಿ, ಯಾರ್ ಕಣ್ಗೂ ಬೀಳಲ್ಲ. ಇಲ್ಲಿಂದ ಮುಂದೆ ಎದೆ ಮೇಲೆ ಬರ್ತದೆ. ಸೆರಗು ಇನ್ನೂ ಮುಂದೆ. ಇಲ್ಲೆಲ್ಲ ಪುಸ್ತಕದಲ್ಲಿ ಇದ್ದಂಗೇ ಓದ್ಬೇಕು. ಒಂದಕ್ಷರ ಸೇರಿಸ್ಕೂಡ್ದು."

"ಪುಸ್ತಕದಲ್ಲಿದ್ದಂಗೇ ಓದುದ್ರೆ ಅಪ್ಪಂಗೆ ನಿದ್ದೆ ಬತ್ತದೆ" ಎಂದಳು ಚೈತ್ರ.

"ಸೆರಗು ಬಂದಾಗ ಟೀ ಕುಡ್ಸು. ಪುಡಿ ನಾನು ಕಳಿಸ್ತೀನಿ."

ಹೊರಡುವಾಗ ಅವರು ಬಾಗಿಲಲ್ಲಿ ನಿಂತು ತಿರುಗಿದರು. ನಾನು ಕಾದೆ, ಅನುವಿಗೆ ಬಸ್ಸು ಸಿಕ್ಕಿತೇ ಎಂದು ಕೇಳುತ್ತಾರೆಂದು. ಅವರು ಕೇಳಲಿಲ್ಲ, ಚಪ್ಪಲಿ ಹುಡುಕುತ್ತಿದ್ದರು. ಕೇಳಿದವರು ಮೇಡಂ. ಎಲ್ಲರೂ ಹೋದ ಮೇಲೆ, ಕಾರು ಹತ್ತುವ ಮುನ್ನ, ಚೈತ್ರಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಚೈತ್ರ ಬಹಳ ಹೊತ್ತು ಏನೋ ಹೇಳಿದಳು. ಕಚೇರಿ ವೇಳೆ ಮುಗಿದಿರಲಿಲ್ಲ, ಆದರೂ ಮೇಡಂ ನಕ್ಕರು.

ಕಾರ್ಡನ್ನು ನಾನು ಚೈತ್ರಳಿಗೆ ವಾಪಸು ಕೊಟ್ಟೆ. ಅವಳು ಅಂದೇ ಎರಡು ಕಾದಂಬರಿ ಒಯ್ದಳು. ಗೋವಿಂದಣ್ಣನ ಮುಂದಿನ ಸೀರೆಯಲ್ಲಿ ನೆರಿಗೆಯ ಭಾಗದಲ್ಲಿ ಏರುಪೇರಿತ್ತು, ಸೆರಗು ಸಮನಾಗಿತ್ತು. ನಂಜುಂಡಪ್ಪನವರು ತೆಗೆದುಕೊಂಡರು.